‘ನಾಕ್ ಬುಟ್ಟು ಬುದ್ಧಿ ಏಳಿ ಸಾ’

ಠಾಣೆಯ ಮುಂದಿನ ಬೆಂಚಿನ ಮೇಲೆ ತಾಯಿ, ಮಗ ಕೂತಿದ್ದಾರೆ. ಮಗನಿಗೆ ಹದಿನಾರು. ಹವಾಯಿ ಚಪ್ಪಲಿಯನ್ನು ಅರ್ಧ ಕಳಚಿ, ಹೆಬ್ಬೆರಳಲ್ಲಿ ಅದರ ಬಾರು ತಿರುವುತ್ತಾ ನೆಲ ನೋಡುತ್ತಿದ್ದಾನೆ. ತಾಯಿ ಗದ್ದೆ ಕೆಲಸದಿಂದ ನೇರ ಬಂದಿದ್ದಾಳೆ, ಸೀರೆಯಂಚಿನ ಕೆಸರು ಇನ್ನೂ ಒಣಗಿಲ್ಲ. ಒಳಗಿನ ರೈಟರ್ ತಲೆ ಎತ್ತಿದ್ದೇ ತಡ ಎದ್ದು ಕೈಮುಗಿಯುತ್ತಾಳೆ. ‘ಸಾ, ನನ್ ಐದ ನನ್ ಮಾತ ಕೇಳಕಿಲ್ಲ. ನೀವೇ ನಾಕ್ ಬುಟ್ಟು ಬುದ್ಧಿ ಏಳಿ ಸಾ.’

ಹುಡುಗ ಮಾಡಿರುವುದು ಇಷ್ಟು: ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿ ತಾಮ್ರ ಮಾರುವ ಗುಂಪಿನ ಜೊತೆ ಎರಡು ರಾತ್ರಿ ಓಡಾಡಿದ್ದಾನೆ. ಊರವರಿಗೆ ಗೊತ್ತಾಗಿದೆ. ದೂರು ಇನ್ನೂ ಬಂದಿಲ್ಲ, ನಾಳೆ ಬರಬಹುದು. ಅಷ್ಟರೊಳಗೆ ಪೊಲೀಸರ ಕೈಯಲ್ಲಿ ಎರಡೇಟು ಹಾಕಿಸಿಬಿಟ್ಟರೆ ಊರ ಸಿಟ್ಟೂ ತಣಿಯುತ್ತದೆ, ಮಗನಿಗೆ ಭಯವೂ ಹುಟ್ಟುತ್ತದೆ ಎಂಬುದು ಅವಳ ಲೆಕ್ಕ. ತಪ್ಪು ಲೆಕ್ಕವೇ. ಆದರೆ ಅವಳಿಗೆ ಗೊತ್ತಿರುವ ಸರ್ಕಾರಿ ಬಾಗಿಲು ಅದೊಂದೇ.

ಈ ತಾಯಿ ಮಗನಿಗೆ ಹೆಸರಿಲ್ಲ. ನಿಜವಾದ ಹುಡುಗನಾಗಿದ್ದರೂ ಹೆಸರು ಬರೆಯುವಂತಿರಲಿಲ್ಲ. ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ 74ನೇ ಕಲಂ ಪ್ರಕಾರ ಇಂಥ ಮಗುವಿನ ಹೆಸರು, ಊರು, ಶಾಲೆ, ಗುರುತು ಹಚ್ಚುವಂಥ ಯಾವುದನ್ನೂ ಪತ್ರಿಕೆ ಅಚ್ಚು ಹಾಕಕೂಡದು. ಹಾಕಿದರೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಾಗಿ ಇವನು ವಿಷಯ ತಿಳಿಸಲು ನಾನು ಕಟ್ಟಿಕೊಂಡ ಹುಡುಗ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಕಪಿಲೆಯ ಬಯಲಿನ ಬಿಳಿಗೆರೆ ಸೀಮೆಯಲ್ಲಿ ಯಾರ ಮನೆಯಲ್ಲಾದರೂ ಇರಬಹುದಾದವನು.

ಈ ಸೀಮೆಯಲ್ಲಿ ಮಗನನ್ನು ‘ಐದ’ ಅನ್ನುತ್ತಾರೆ, ಮಕ್ಕಳನ್ನು ‘ಐಕ್ಳು’. ದೇವನೂರ ಮಹಾದೇವರು ಇದೇ ನಂಜನಗೂಡು ತಾಲ್ಲೂಕಿನವರು. ಇಲ್ಲಿನ ನುಡಿಯ ರುಚಿ ಅವರನ್ನು ಓದಿದವರಿಗೆ ಗೊತ್ತು. ಅದೇ ಐದ ಕಾಯ್ದೆಯ ಪುಸ್ತಕಕ್ಕೆ ಹೋದರೆ ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’ ಆಗುತ್ತಾನೆ. ಉಚ್ಚರಿಸಲು ತೊಡಕಾದರೂ ಈ ಹೆಸರಿನಲ್ಲೊಂದು ಮರ್ಯಾದೆ ಇದೆ. ‘ಬಾಲಾಪರಾಧಿ’ ಎಂಬ ಹಳೆಯ ಮುದ್ರೆಯನ್ನು ಕಾಯ್ದೆ ಬೇಕೆಂತಲೇ ಕೈಬಿಟ್ಟಿದೆ. ಐದನಿಂದ ಈ ಉದ್ದನೆಯ ಹೆಸರಿನವರೆಗಿನ ದಾರಿಯಲ್ಲಿ ಅವನ ಜೊತೆ ನಡೆಯಬೇಕಾದ ಒಬ್ಬರಿದ್ದಾರೆ. ಅವರು ಪೊಲೀಸರಲ್ಲ, ವಕೀಲರಲ್ಲ, ನೆಂಟರೂ ಅಲ್ಲ. ಆಪ್ತಸಮಾಲೋಚಕರು.

ನಾಳೆ ಬೆಳಿಗ್ಗೆ ದೂರು ಬಂತು ಅಂತಿಟ್ಟುಕೊಳ್ಳಿ. ಕಾನೂನು ಏನು ಹೇಳುತ್ತದೆ ಎಂಬುದು ತಿಳಿದರೆ ಆ ತಾಯಿಗೆ ಆಶ್ಚರ್ಯವಾದೀತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಧಾರಣ ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ ಶಿಕ್ಷೆ. ಮೂರು ವರ್ಷದವರೆಗಿನದು ಬಾಲ ನ್ಯಾಯದ ಲೆಕ್ಕದಲ್ಲಿ ಸಣ್ಣ ಅಪರಾಧ. 2016ರ ಮಾದರಿ ನಿಯಮಗಳ ಪ್ರಕಾರ, ಅಪರಾಧ ಘೋರ ಸ್ವರೂಪದ್ದಾಗಿದ್ದರೆ ಅಥವಾ ವಯಸ್ಕರ ಜೊತೆ ಸೇರಿ ಮಾಡಿದ್ದಾಗಿದ್ದರೆ ಮಾತ್ರ ಎಫ್‌ಐಆರ್. ಉಳಿದದ್ದು ಠಾಣೆಯ ಜನರಲ್ ಡೈರಿಯಲ್ಲಿ ಒಂದು ನಮೂದು, ಅದರ ಜೊತೆಗೊಂದು ‘ಸಾಮಾಜಿಕ ಹಿನ್ನೆಲೆ ವರದಿ’. ನಮ್ಮ ಐದ ಸಿಕ್ಕಿಕೊಳ್ಳುವುದು ಇಲ್ಲೇ. ಗುಂಪಿನಲ್ಲಿ ಇಪ್ಪತ್ತೈದು ವರ್ಷದವನೊಬ್ಬ ಇದ್ದರೆ ಎಫ್‌ಐಆರ್ ಆಗಿಯೇ ಆಗುತ್ತದೆ. ಇಂಥ ಗುಂಪಿನಲ್ಲಿ ಅಂಥವನೊಬ್ಬ ಇದ್ದೇ ಇರುತ್ತಾನೆ. ತಾಮ್ರಕ್ಕೆ ಗಿರಾಕಿ ಹುಡುಕುವ ವ್ಯವಹಾರ ಹದಿನಾರರ ಹುಡುಗನಿಗೆ ಎಲ್ಲಿ ಗೊತ್ತಿರುತ್ತದೆ?

ಆಗಲೂ ಅವನಿಗೆ ಕೋಳ ಹಾಕುವಂತಿಲ್ಲ, ಲಾಕಪ್ಪಿಗೆ ತಳ್ಳುವಂತಿಲ್ಲ. ಅವನೊಡನೆ ಮಾತಾಡುವ ಅಧಿಕಾರಿ ಸಮವಸ್ತ್ರ ಕಳಚಿ ಸಾದಾ ಬಟ್ಟೆಯಲ್ಲಿರಬೇಕು. ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಹೆತ್ತವರಿಗೆ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿ ಎಂದರೆ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ನೀವು ಸಿನಿಮಾದಲ್ಲಿ ನೋಡಿದ ಕಟಕಟೆ ಅಲ್ಲಿರುವುದಿಲ್ಲ.

ಕಾಯ್ದೆಯ 107ನೇ ಕಲಂ ಓದಿದರೆ ಸಮಾಲೋಚಕರ ಕುರ್ಚಿ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಪ್ರತಿ ಠಾಣೆಗೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ. ಪ್ರತಿ ಜಿಲ್ಲೆಗೂ ಡಿವೈಎಸ್ಪಿ ಅಥವಾ ಮೇಲಿನ ದರ್ಜೆಯವರ ಕೈಕೆಳಗೆ ಒಂದು ವಿಶೇಷ ಮಕ್ಕಳ ಪೊಲೀಸ್ ಘಟಕ. ಆ ಘಟಕದಲ್ಲಿ ಮಕ್ಕಳ ಕ್ಷೇತ್ರದ ಅನುಭವವಿರುವ ಇಬ್ಬರು ಸಮಾಜ ಕಾರ್ಯಕರ್ತರು ಇರಲೇಬೇಕು, ಒಬ್ಬರು ಮಹಿಳೆಯಾಗಿರಬೇಕು. ಇವರು ದಾರಿಹೋಕ ಸ್ವಯಂಸೇವಕರಲ್ಲ, ಘಟಕದ ಅಂಗ. ಪೊಲೀಸರನ್ನೂ ಸಮಾಜ ಕಾರ್ಯಕರ್ತರನ್ನೂ ಕಾನೂನೇ ಒಂದೇ ನೊಗಕ್ಕೆ ಹೂಡಿದೆ.

ಹೂಡಿದ ಜೋಡಿ ಒಂದೇ ಹದದಲ್ಲಿ ಎಳೆಯುತ್ತದೆಯೇ ಎಂಬುದು ಬೇರೆ ಮಾತು.

ಸಮಾಲೋಚಕರ ಮೊದಲ ಕಷ್ಟ ‘ಬುದ್ಧಿ ಹೇಳಿ’ ಎಂಬ ಆ ತಾಯಿಯ ಮಾತಿನಲ್ಲೇ ಇದೆ. ನಮ್ಮಲ್ಲಿ ಬುದ್ಧಿ ಹೇಳುವುದಕ್ಕೆ ಬರವಿಲ್ಲ. ಅಪ್ಪ, ಮೇಷ್ಟ್ರು, ಊರ ಯಜಮಾನರು, ಪಂಚಾಯ್ತಿ ಮೆಂಬರು, ಎಸ್‌ಐ ಸಾಹೇಬರು ಎಲ್ಲರೂ ಹೇಳಿ ಮುಗಿಸಿರುತ್ತಾರೆ. ಕೇಳಿಸಿಕೊಂಡವರು ಮಾತ್ರ ಸಿಕ್ಕುವುದಿಲ್ಲ. ‘ಆಪ್ತಸಮಾಲೋಚನೆ’ ಎಂಬ ಪದ ಕನ್ನಡದಲ್ಲಿ ಮನೆಮಾತಾಗಲು ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರ ಬರವಣಿಗೆ ಮುಖ್ಯ ಕಾರಣ. ಆ ಪದದ ಮೊದಲಲ್ಲೇ ‘ಆಪ್ತ’ ಇದೆ. ಉಪದೇಶಕನಿಗೆ ಆಪ್ತನಾಗುವ ಅಗತ್ಯವಿಲ್ಲ, ಸಮಾಲೋಚಕನಿಗೆ ಬೇರೆ ದಾರಿಯೇ ಇಲ್ಲ.

ನಮ್ಮ ಬೆಂಚಿಗೆ ವಾಪಸು ಬರೋಣ. ಅನುಭವಸ್ಥ ಸಮಾಲೋಚಕಿಯೊಬ್ಬರು ಬಂದರೆ ಮೊದಲು ಮಾಡುವ ಕೆಲಸ ಹುಡುಗನನ್ನು ಮಾತಾಡಿಸುವುದಲ್ಲ. ಜಾಗ ಬದಲಿಸುವುದು. ರೈಟರ್ ಮೇಜು ಕಾಣದ, ವೈರ್‌ಲೆಸ್ಸಿನ ಗೊರಗೊರ ಕೇಳದ ಕಡೆ, ಮರದ ನೆರಳಾದರೂ ಸರಿ. ಆಮೇಲೆ ತಾಯಿಗೆ, ‘ಅವ್ವ, ಮಧ್ಯಾಹ್ನ ಏನಾದ್ರೂ ಉಂಡ್ರಾ?’ ಅದು ಉಪಚಾರದ ಮಾತಷ್ಟೇ ಅಲ್ಲ. ಹೊತ್ತಿಗೆ ಒಲೆ ಹತ್ತಿದ ಮನೆಯೋ ಅಲ್ಲವೋ ಎಂಬುದು ಉತ್ತರದಲ್ಲಿ ಬರುತ್ತದೆ. ಹುಡುಗನಿಗೆ ಟೀ ಬರುತ್ತದೆ. ‘ಯಾಕಪ್ಪ ಕದ್ದೆ?’ ಎಂಬ ಪ್ರಶ್ನೆ ಬರುವುದಿಲ್ಲ. ಆ ‘ಯಾಕೆ’ಗೆ ಹದಿನಾರರವನ ಬಳಿ ಇರುವುದು ಒಂದೇ ಉತ್ತರ: ‘ಏನಿಲ್ಲ ಮೇಡಂ.’

ಉತ್ತರ ಸಿಗುವುದು ಬಳಸುದಾರಿಯಲ್ಲಿ. ಬಾಲ ನ್ಯಾಯದ ನಮೂನೆಗಳಲ್ಲಿ ಶಾಲೆ ಬಿಟ್ಟ ಕಾರಣ ಗುರುತು ಹಾಕುವ ಒಂದು ಪಟ್ಟಿಯಿದೆ. ಸರ್ಕಾರಿ ಫಾರಂಗಳಲ್ಲಿ ಇಷ್ಟು ಮನುಷ್ಯತ್ವ ಇರುವ ಪಟ್ಟಿ ನಾನು ಬೇರೆ ಕಂಡಿಲ್ಲ. ಫೇಲಾದದ್ದು, ಆಸಕ್ತಿ ಇಲ್ಲದ್ದು, ಗೆಳೆಯರ ಸೆಳೆತ, ಮನೆಗೆ ದುಡಿಯಬೇಕಾದದ್ದು, ತಂದೆ ಅಥವಾ ತಾಯಿಯ ದಿಢೀರ್ ಸಾವು, ಶಾಲೆಯಲ್ಲಾದ ಅವಮಾನ, ಮೇಷ್ಟ್ರ ಹೊಡೆತ, ಕಲಿಕೆಯ ಮಾಧ್ಯಮದ ತೊಡಕು, ಹತ್ತಿರದಲ್ಲಿ ಶಾಲೆ ಇಲ್ಲದ್ದು. ಇದನ್ನು ಠಾಣೆಯ ಗಡಿಬಿಡಿಯಲ್ಲಿ ಎರಡು ನಿಮಿಷಕ್ಕೆ ಟಿಕ್ ಹೊಡೆದು ಮುಗಿಸಬಹುದು. ಒಂದೊಂದನ್ನೂ ಬಿಡಿಸಿ ಕೇಳಿದರೆ ಎರಡು ಗಂಟೆ ಬೇಕು. ನಮ್ಮ ಐದನ ವಿಷಯದಲ್ಲಿ ಟಿಕ್ ಬೀಳುವುದು ‘ದುಡಿಮೆ’ಯ ಮುಂದೆ. ಎರಡು ಗಂಟೆ ಕೂತು ಕೇಳಿದರೆ ‘ಅವಮಾನ’ವೂ ಹೊರಬರಬಹುದು. ಒಂಬತ್ತನೇ ಕ್ಲಾಸಿನಲ್ಲಿ ಎಲ್ಲರೆದುರು ಆಡಿದ ಒಂದು ಮಾತು, ಬಹುಶಃ ಜಾತಿ ಹಿಡಿದು ಆಡಿದ್ದು.

ಅಲ್ಲಿಂದ ಮನೆಗೆ. ಕುಟುಂಬ ಸಮಾಲೋಚನೆ ಎಂಬ ಹೆಸರು ಸಾರ್ಥಕವಾಗುವುದು ಮನೆಯ ಹೊಸ್ತಿಲು ದಾಟಿದ ಮೇಲೆಯೇ. ಕಬಿನಿ ನಾಲೆ ಬಿದ್ದ ಊರುಗಳಲ್ಲಿ ಭತ್ತ, ಕಬ್ಬು, ಬಾಳೆ ಇದೆ. ಅದು ಜಮೀನಿದ್ದವರ ಮಾತು. ಇಲ್ಲದವರಿಗೆ ನಾಟಿ, ಕಳೆ, ಕಟಾವಿನ ಕೂಲಿ, ಇಲ್ಲವೆ ಮೈಸೂರಿನ ಗಾರೆ ಕೆಲಸ, ನಂಜನಗೂಡಿನ ಕೈಗಾರಿಕಾ ಪ್ರದೇಶದ ಗುತ್ತಿಗೆ ಕೆಲಸ. ಮನೆಯ ಗೂಡಿನಲ್ಲಿ ರೇಷನ್ ಕಾರ್ಡಿನ ಜೊತೆ ಮೂರು ನಾಲ್ಕು ಸಾಲದ ಪಾಸ್‌ಪುಸ್ತಕ. ವಾರಕ್ಕೊಂದು ಕಂತು. 2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಕಂತಿನ ಕಾಟಕ್ಕೆ ಹೆದರಿ ಮನೆಗೆ ಬೀಗ ಹಾಕಿ ಹೋದ ಕುಟುಂಬಗಳ ಸುದ್ದಿ ಸಾಲಾಗಿ ಬಂತು. ಆ ಫೆಬ್ರುವರಿಯಲ್ಲಿ ಬಲವಂತದ ಸಾಲ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಂತಿನವರು ಬಾಗಿಲಲ್ಲಿ ನಿಂತ ದಿನ ಅಪ್ಪ ಹಿತ್ತಿಲಿಂದ ಜಾರಿದ್ದನ್ನು ಕಂಡ ಮಗ ಅದೇ ರಾತ್ರಿ ತಾಮ್ರದ ಗುಂಪಿಗೆ ಹೋಗಿರಬಹುದು. ಇದರಿಂದ ಕಳ್ಳತನ ಸರಿಯೆಂದಾಗುವುದಿಲ್ಲ. ಎಲ್ಲಿ ಕೈಹಾಕಬೇಕು ಎಂಬುದು ತಿಳಿಯುತ್ತದೆ, ಅಷ್ಟೆ. ಅಪ್ಪನಿಗೆ ಕುಡಿತವಿದ್ದರೆ ತಾಲ್ಲೂಕು ಆಸ್ಪತ್ರೆ, ಸಾಲಕ್ಕೆ ಕಂದಾಯ ಇಲಾಖೆ, ಹುಡುಗನಿಗೆ ಎಸ್ಸೆಸ್ಸೆಲ್ಸಿ ಕಟ್ಟಿಸುವುದೋ ಐಟಿಐ ಸೀಟು ನೋಡುವುದೋ. ಸಮಾಲೋಚಕಿಯ ಚೀಲದಲ್ಲಿ ಮಾತಿಗಿಂತ ಫೋನ್ ನಂಬರುಗಳೇ ಹೆಚ್ಚು.

ಪೊಲೀಸ್ ಕಟ್ಟಡದೊಳಗೆ ಸಮಾಜ ಕಾರ್ಯಕರ್ತರನ್ನು ಕೂರಿಸುವ ಯೋಚನೆ ನಮ್ಮ ದೇಶಕ್ಕೆ ಹೊಸದಲ್ಲ. 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮುಂಬೈ ಪೊಲೀಸ್ ಕಮಿಷನರ್ ಕಚೇರಿಯಲ್ಲೇ ಮಹಿಳೆ ಮತ್ತು ಮಕ್ಕಳಿಗಾಗಿ ವಿಶೇಷ ಘಟಕ ತೆರೆಯಿತು. ಬೆಂಗಳೂರಿನ ಕಮಿಷನರ್ ಕಚೇರಿಯ ವನಿತಾ ಸಹಾಯವಾಣಿಯೂ ಅದೇ ಬಗೆಯದು. ಇವೆಲ್ಲ ಮಹಾನಗರದ ಮಾತು. ಹಳ್ಳಿಗೆ ಹತ್ತಿರವಾದ ಮಾದರಿ ದೂರದ ನ್ಯೂಜಿಲೆಂಡಿನಲ್ಲಿದೆ. ಅಲ್ಲಿನ ಮಾವೊರಿ ಜನರ ಕುಟುಂಬ ಪದ್ಧತಿಯಿಂದ ಕಲಿತು 1989ರ ಕಾನೂನೊಂದು ‘ಕುಟುಂಬ ಸಭೆ’ಯನ್ನು ತಂದಿತು. ತಪ್ಪು ಮಾಡಿದ ಹುಡುಗ, ಅವನ ಅಜ್ಜ ಅಜ್ಜಿ ಚಿಕ್ಕಪ್ಪಂದಿರು, ಕಳೆದುಕೊಂಡವರು, ಪೊಲೀಸರು ಎಲ್ಲ ಒಂದೆಡೆ ಕೂತು ಮುಂದೇನು ಎಂದು ತೀರ್ಮಾನಿಸುತ್ತಾರೆ. ಒಂದು ಹಂತದಲ್ಲಿ ಅಧಿಕಾರಿಗಳೆಲ್ಲ ಎದ್ದು ಹೊರಹೋಗಿ ಮನೆಯವರನ್ನಷ್ಟೇ ಮಾತಿಗೆ ಬಿಡುತ್ತಾರೆ.

ಇದನ್ನು ಓದಿದ ಕೂಡಲೇ ‘ನಮ್ಮ ನ್ಯಾಯದ ಕಟ್ಟೆ ಇದೇ ತಾನೆ’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರು ಕೆಳಗೆ ನಿಲ್ಲುತ್ತಿದ್ದರು ಎಂಬುದನ್ನು ಮರೆತರೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ. ಐದನ ಜಾತಿ ಯಾವುದು, ಕೇಬಲ್ ಕಳೆದುಕೊಂಡವರ ಜಾತಿ ಯಾವುದು ಎಂಬುದರ ಮೇಲೆ ದಂಡದ ಮೊತ್ತ ನಿಂತ ಕಾಲ ಬಹಳ ಹಿಂದಿನದಲ್ಲ. ಸಮಾಲೋಚಕಿ ರಾಜಿ ಪಂಚಾಯ್ತಿದಾರಳಾದ ದಿನ ಅವಳ ಕೆಲಸ ಕೆಟ್ಟಿತು.

ಸಮಾಲೋಚಕಿಗೆ ಇನ್ನೊಂದು ಇಕ್ಕಟ್ಟು ಎದುರಾಗುವುದು ಪ್ರೇಮದ ಪ್ರಕರಣಗಳಲ್ಲಿ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಬಸ್ಸು ಹತ್ತಿ ಹೋಗುತ್ತಾರೆ. ಹುಡುಗಿಯ ಕಡೆಯವರು ದೂರು ಕೊಡುತ್ತಾರೆ. ಹುಡುಗಿಗೆ ಹದಿನೆಂಟು ತುಂಬಿಲ್ಲವೆಂದ ಮೇಲೆ 2012ರ ಪೋಕ್ಸೊ ಕಾಯ್ದೆಯ ಮುಂದೆ ಅವಳ ಒಪ್ಪಿಗೆಗೆ ಬೆಲೆಯಿಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಇಂಥ ಪ್ರಕರಣಗಳನ್ನು ಕಂಡೇ ಒಪ್ಪಿಗೆಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮರುಯೋಚಿಸಲಿ ಎಂದಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆಯ ತಿಳಿವಳಿಕೆ ಕೊಡಿ ಎಂದೂ ಹೇಳಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಬಂದ ಆಯೋಗದ 283ನೇ ವರದಿ ವಯಸ್ಸು ಇಳಿಸುವುದು ಬೇಡ ಎಂದಿತು. ಹದಿನಾರರಿಂದ ಹದಿನೆಂಟರೊಳಗಿನವರ ಸಮ್ಮತಿಯ ಪ್ರಕರಣಗಳಲ್ಲಿ ನ್ಯಾಯಾಧೀಶರ ವಿವೇಚನೆಗೆ ಒಂದಿಷ್ಟು ಅವಕಾಶವಿರಲಿ ಎಂದಷ್ಟೇ ಸೂಚಿಸಿತು.

ಈ ದೊಡ್ಡ ಚರ್ಚೆ ಹಳ್ಳಿಯ ಸಮಾಲೋಚಕಿಯ ಕೊರಳಿಗೆ ಸುತ್ತಿಕೊಳ್ಳುವ ಬಗೆ ಬೇರೆ. ಹುಡುಗಿ ಅವಳನ್ನು ನಂಬಿ, ‘ಅಕ್ಕ, ಯಾರ್ಗೂ ಏಳ್ಬೇಡಿ’ ಎಂದು ಶುರುಮಾಡುತ್ತಾಳೆ. ಪೋಕ್ಸೊದ 19ನೇ ಕಲಂ ಪ್ರಕಾರ ಅಪರಾಧ ನಡೆದದ್ದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಸಮಾಲೋಚನೆಯ ಮೊದಲ ಪಾಠ ಗುಟ್ಟು ಕಾಯುವುದು. ಕಾನೂನಿನ ಮೊದಲ ಪಾಠ ಗುಟ್ಟು ಬಿಡುವುದು. ಇದಕ್ಕೆ ಜಾಣ ಪರಿಹಾರವಿಲ್ಲ. ಪ್ರಾಮಾಣಿಕರು ಮಾಡುವುದಿಷ್ಟೆ: ಮಾತು ಶುರುವಾಗುವ ಮೊದಲೇ, ‘ನೋಡವ್ವ, ಕೆಲವು ವಿಷಯ ನೀನು ಹೇಳಿದರೆ ನಾನು ಮೇಲಿನವರಿಗೆ ತಿಳಿಸಲೇಬೇಕು’ ಎಂದು ಬಿಡಿಸಿ ಹೇಳುವುದು. ಅಷ್ಟು ಕೇಳಿ ಹುಡುಗಿ ಬಾಯಿ ಮುಚ್ಚಿಕೊಂಡರೂ ಹೇಳುವುದು. ಅವಳು ಆಮೇಲೆ ಮೋಸ ಹೋದೆ ಅಂದುಕೊಳ್ಳುವುದಕ್ಕಿಂತ ಈಗ ಸುಮ್ಮನಿರುವುದು ವಾಸಿ.

ಹದಿಹರೆಯದವರು ಸಿಕ್ಕಿಬೀಳುವ ಇನ್ನೆರಡು ಸಂಗತಿ ಗಾಂಜಾ ಮತ್ತು ಬೈಕು. ಗಾಂಜಾ ವಿಷಯದಲ್ಲಿ ಕಾನೂನು ಸ್ವಲ್ಪ ಮೆದು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಎಂಬ ಕಲಂ ಇದೆ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ ಸಣ್ಣ ಪ್ರಮಾಣದ ಪ್ರಕರಣದಲ್ಲಿ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗುತ್ತದೆ. ಬೈಕಿನ ವಿಷಯದಲ್ಲಿ ಮಾತ್ರ ಕಾನೂನು ಅಪ್ಪನ ಕತ್ತಿಗೇ ಕೈಹಾಕುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತನಿಗೆ ಗಾಡಿ ಕೊಟ್ಟ ಪೋಷಕ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಸುತ್ತೂರು ಜಾತ್ರೆಗೆ ಒಂದೇ ಬೈಕಿನಲ್ಲಿ ಮೂವರು ಐಕ್ಳು ಹೋಗುವುದನ್ನು ಕಂಡಾಗೆಲ್ಲ ಈ ಅಂಕಿ ನೆನಪಾಗುತ್ತದೆ.

ಇನ್ನು ಪೊಲೀಸರ ಕಡೆಯ ಮಾತು. ಅವರನ್ನು ಬೈದು ಮುಗಿಸುವುದು ಸುಲಭ. ಬಂದೋಬಸ್ತು, ಸಮನ್ಸು, ಅಪಘಾತ, ಗಲಾಟೆಗಳ ನಡುವೆ ಮಕ್ಕಳ ಕಲ್ಯಾಣ ಅಧಿಕಾರಿ ಎಂಬುದು ಒಬ್ಬ ಎಎಸ್‌ಐ ಹೆಗಲಿಗೆ ಬಿದ್ದ ಇನ್ನೊಂದು ಹೊರೆ. ಅವನಿಗೆ ತರಬೇತಿ ಸಿಕ್ಕು ಕೈ ಪಳಗುವಷ್ಟರಲ್ಲಿ ವರ್ಗಾವಣೆ. ಆದರೂ ಬೀಟಿಗೆ ಹೋಗುವ ಕಾನ್‌ಸ್ಟೆಬಲ್‌ಗೆ ಗೊತ್ತಿರುವಷ್ಟು ಮನೆಮನೆಯ ಸುದ್ದಿ ಸಮಾಲೋಚಕಿಗೆ ಗೊತ್ತಿರುವುದಿಲ್ಲ. ಯಾವ ಹುಡುಗ ಯಾರ ಜೊತೆ ಸೇರಿದ್ದಾನೆ, ಯಾವ ಗುಜರಿಯವನು ತಾಮ್ರ ಕೊಳ್ಳುತ್ತಾನೆ, ಯಾರ ಮನೆಯ ಗಲಾಟೆ ರಾತ್ರಿ ಬೀದಿಗೆ ಬರುತ್ತದೆ, ಎಲ್ಲವೂ ಅವನ ಬಾಯಲ್ಲಿದೆ. ಶಾಲೆಯ ಮಕ್ಕಳನ್ನು ಠಾಣೆಗೆ ಕರೆಸಿ ತೋರಿಸುವ ‘ತೆರೆದ ಮನೆ’ ಕಾರ್ಯಕ್ರಮ ಕರ್ನಾಟಕ ಪೊಲೀಸರದ್ದೇ. ಒಮ್ಮೆ ಅಲ್ಲಿ ಕೂತು ಬಿಸ್ಕತ್ತು ತಿಂದ ಹುಡುಗನಿಗೆ ಠಾಣೆ ಬರೀ ಲಾಠಿಯ ಜಾಗವಾಗಿ ಉಳಿಯುವುದಿಲ್ಲ.

ಕೊರತೆ ಇರುವುದು ಕುರ್ಚಿಯಲ್ಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮಾದರಿ ಸಿಬ್ಬಂದಿ ಪಟ್ಟಿಯಲ್ಲಿ ಆಪ್ತಸಮಾಲೋಚಕರ ಹುದ್ದೆ ಒಂದು, ಸಮಾಜ ಕಾರ್ಯಕರ್ತರದ್ದು ಎರಡು. 2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಯ ಜನಸಂಖ್ಯೆ 30 ಲಕ್ಷ. ಜಿಲ್ಲೆಯಲ್ಲಿ ಒಂಬತ್ತು ತಾಲ್ಲೂಕು. ಸರಗೂರಿನ ಕಾಡಂಚಿನಿಂದ ತಲಕಾಡಿನ ಮರಳವರೆಗೆ ಒಬ್ಬರೇ ಓಡಾಡಬೇಕು ಎಂದರೆ ಅದು ಸಮಾಲೋಚನೆ ಅಲ್ಲ, ಸವಾರಿ. ಬಾಲ ನ್ಯಾಯ ಮಂಡಳಿ ಕೂರುವುದು ಮೈಸೂರಿನಲ್ಲಿ. ನಂಜನಗೂಡಿನಿಂದಲೇ 25 ಕಿ.ಮೀ. ಆಸುಪಾಸು, ಬಿಳಿಗೆರೆ ಕಡೆಯ ಹಳ್ಳಿಯಿಂದ ಬಸ್ಸು ಬದಲಿಸಬೇಕು. ಪ್ರತಿ ವಾಯಿದೆಗೂ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಇನ್ನೆರಡು ತಿಂಗಳ ವಿಸ್ತರಣೆಯಲ್ಲಿ ಮುಗಿಯದಿದ್ದರೆ ಕೈಬಿಡಬೇಕು ಎಂದು ಕಾಯ್ದೆ ಹೇಳಿರುವುದು ಇಂಥ ತಾಯಂದಿರ ಪುಣ್ಯ.

ಜಪಾನ್ ಈ ಕೊರತೆಯನ್ನು ಬೇರೆ ಬಗೆಯಲ್ಲಿ ತುಂಬಿಕೊಂಡಿದೆ. ಅಲ್ಲಿ ‘ಹೊಗೊಶಿ’ ಎಂಬ ಸಂಬಳವಿಲ್ಲದ ಪರಿವೀಕ್ಷಕರು 40 ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ನಿವೃತ್ತ ಮೇಷ್ಟ್ರು, ಅಂಗಡಿಯವರು, ಗುಡಿಯ ಪುರೋಹಿತರು ತಪ್ಪಿತಸ್ಥನನ್ನು ತಿಂಗಳಿಗೆ ಎರಡು ಸಲ ಕಂಡು ಮಾತಾಡುತ್ತಾರೆ. ನಮ್ಮಲ್ಲೂ ಅಲ್ಪಸ್ವಲ್ಪ ಆರಂಭವಿದೆ. ನಿಮ್ಹಾನ್ಸ್ ನೆರವಿನಿಂದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಡೆಸುವ ‘ಯುವ ಸ್ಪಂದನ’ ಕೇಂದ್ರಗಳು ಜಿಲ್ಲೆ ಜಿಲ್ಲೆಯಲ್ಲಿವೆ; ಅಲ್ಲಿ ತರಬೇತಿ ಪಡೆದ ಯುವಕ ಯುವತಿಯರೇ ಯುವಜನರ ಮಾತು ಕೇಳುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರ ‘ಸ್ನೇಹ ಕ್ಲಿನಿಕ್’ ಇದೆ. ಇವು ಒಂದೊಂದೂ ಒಂದೊಂದು ಇಲಾಖೆಯ ಕೂಸು. ಬಿಳಿಗೆರೆಯ ಬೆಂಚಿನ ಮೇಲಿನ ತಾಯಿಗೆ ಇವುಗಳ ಹೆಸರೂ ಮುಟ್ಟಿಲ್ಲ. ಮುಟ್ಟಿಸಬೇಕಾದದ್ದು ಅವಳು ಮೊದಲು ಬಂದ ಜಾಗ, ಅಂದರೆ ಠಾಣೆ. ಪ್ರತಿ ಹೋಬಳಿಗೆ ವಾರಕ್ಕೊಂದು ಗೊತ್ತಾದ ದಿನ, ಗೊತ್ತಾದ ಹೊತ್ತು ಒಬ್ಬ ಸಮಾಲೋಚಕರು ಠಾಣೆಯ ಪಕ್ಕದ ಪಂಚಾಯ್ತಿ ಕಟ್ಟಡದಲ್ಲಿ ಕೂರುತ್ತಾರೆ ಎಂದಾದರೆ ಸಾಕು, ಸಂತೆ ದಿನದಂತೆ ಜನಕ್ಕೆ ಅದು ರೂಢಿಯಾಗುತ್ತದೆ.

ಕೊನೆಗೊಂದು ಉಪಯೋಗದ ಮಾತು, ಹೆತ್ತವರಿಗೆ. ಮಗನ ಹೆಸರು ಠಾಣೆಯ ಪುಸ್ತಕಕ್ಕೆ ಬಿದ್ದರೆ ಮುಂದೆ ಸರ್ಕಾರಿ ಕೆಲಸ ಸಿಗುವುದಿಲ್ಲ ಎಂದು ಹೆದರಿ ಎಷ್ಟೋ ಮನೆಗಳು ಬಾಯಿ ಮುಚ್ಚಿಕೊಂಡು ಕೂರುತ್ತವೆ. ಬಾಲ ನ್ಯಾಯದಡಿ ಮುಗಿದ ಪ್ರಕರಣವನ್ನು ಪೊಲೀಸರು ನಡತೆ ಪ್ರಮಾಣಪತ್ರದಲ್ಲಿ ಕಾಣಿಸುವಂತಿಲ್ಲ. ಅದೂ 74ನೇ ಕಲಮಿನಲ್ಲೇ ಇದೆ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416. ಎರಡೂ ಉಚಿತ, ಎರಡೂ ಹಗಲು ರಾತ್ರಿ. ಠಾಣೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, ಮಕ್ಕಳ ಕಲ್ಯಾಣ ಸಮಿತಿ, ರಕ್ಷಣಾ ಘಟಕಗಳ ಫೋನ್ ನಂಬರು ಹಾಕಿರಬೇಕು ಎಂಬುದು ನಿಯಮ. ಮುಂದಿನ ಸಲ ಯಾವ ಕೆಲಸಕ್ಕೇ ಠಾಣೆಗೆ ಹೋಗಿ, ಆ ಬೋರ್ಡು ಎಲ್ಲಿದೆ ನೋಡಿ. ಕಾಣದಿದ್ದರೆ ಕೇಳಿ.